ಮೂಗಿಗೆ ಹಚ್ಚಿದ ವಿಭೂತಿ

ಸೂಜಿ ಚುಚ್ಚಿದವರು ಡಾ. ನಿರಂಜನ ಶಿರೂರ ಅವರೇ. ಹುಬ್ಬಳ್ಳಿಯ ನವನಗರದ ಒಂದು ಮನೆಯ ಹಿತ್ತಲಲ್ಲಿ ಆಗಷ್ಟೇ ಜೋಡಿಸಿದ ಗ್ಯಾಸ್ ಪೈಪಿನಲ್ಲಿ ಕೂದಲೆಳೆಯಷ್ಟು ತೂತು ಬಿತ್ತು. ಸುತ್ತ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಯಾರ ಮೂಗಿಗೂ ಏನೂ ತಾಗಲಿಲ್ಲ. ಆದರೆ ಜಾಯಿಂಟಿನ ಮೇಲೆ ಕೂತಿದ್ದ ಹುಣಸೆಬೀಜದಷ್ಟು ದೊಡ್ಡ ಮಣಿಯೊಂದು ಕಣ್ಣು ಮಿಟುಕಿಸುವುದರೊಳಗೆ ಹಸಿರಿನಿಂದ ಕೆಂಪಾಯಿತು. ಬೀದಿಯ ಕಡೆಯ ವಾಲ್ವು ಟಪ್ಪೆಂದು ತಾನೇ ಮುಚ್ಚಿಕೊಂಡಿತು. ಜನ ಚಪ್ಪಾಳೆ ತಟ್ಟಿದರು.

ಅದು ೨೦೪೫ನೇ ಇಸವಿ. ಗ್ಯಾಸಿಗೆ ತನ್ನದೇ ವಾಸನೆ ಎಂಬುದಿಲ್ಲ. ಸೋರಿದರೆ ತಿಳಿಯಲೆಂದು ಹಿಂದಿನವರು ಅದಕ್ಕೆ ಗಂಧಕದ ಒಂದು ದುರ್ನಾತವನ್ನು ಬೇಕೆಂದೇ ಬೆರೆಸುತ್ತಿದ್ದರು. ಆದರೆ ಈಗ ಮನೆಮನೆಗೆ ಬರುತ್ತಿದ್ದ ಜನರೇಟರುಗಳು ಹಳೆಯ ಗಡಗಡ ಯಂತ್ರಗಳಲ್ಲ. ಗ್ಯಾಸನ್ನು ಉರಿಸದೆ ರಾಸಾಯನಿಕ ಕ್ರಿಯೆಯಿಂದಲೇ ಕರೆಂಟ್ ತೆಗೆಯುವ ಪೆಟ್ಟಿಗೆಗಳು. ಗಂಧಕ ಅವುಗಳಿಗೆ ವಿಷ. ಆದ್ದರಿಂದ ಶಿರೂರರು ಗ್ಯಾಸಿನಿಂದ ನಾತವನ್ನು ತೆಗೆದು, ಪೈಪಿಗೇ ಮೂಗು ಕೂರಿಸಿದರು. ಸಣ್ಣ ಸಣ್ಣ ರಂಧ್ರಗಳ ಆ ಮಣಿಯೊಳಗೆ ನಾಯಿಯ ಮೂಗಿನಲ್ಲಿರುವಂಥ ಪ್ರೋಟೀನುಗಳನ್ನು ಬೆಳೆಸಿದ್ದರು. ಮನುಷ್ಯನ ಮೂಗಿಗೆ ನೆಗಡಿಯಾಗುತ್ತದೆ, ನಿದ್ದೆ ಬರುತ್ತದೆ, ಇದಕ್ಕೆ ಅದೆಲ್ಲ ಇಲ್ಲ ಎಂದು ಅವರು ನಗುತ್ತ ಹೇಳಿದರು.

ಆ ಪೈಪನ್ನು ಹಾಕಿದವಳು ಶಿವಲೀಲಾ ಕಮ್ಮಾರ. ಕೆಲಸ ಮುಗಿದ ಮೇಲೆ ಮೊದಲ ಜಾಯಿಂಟಿಗೆ ಮೂರು ಬೆರಳು ವಿಭೂತಿ ಎಳೆಯುವುದು ಅವಳ ಉಸ್ತಾದರ ಕಾಲದಿಂದ ಬಂದ ಪದ್ಧತಿ. ಅಂದೂ ವಿಭೂತಿಯನ್ನು ನೀರಿನಲ್ಲಿ ಕಲಸಿ ಎಳೆದಳು. ಮಣಿಯ ಮೇಲೂ ಬಿತ್ತು. ಪಕ್ಕದಲ್ಲಿ ಶಿರೂರರು ನಿಂತು ನಗುತ್ತಿದ್ದ ಆ ಫೋಟೋ ಪತ್ರಿಕೆಗಳಲ್ಲಿ ಬಂತು, ಜಾಹೀರಾತಾಯಿತು, ಹೊಸ ಫಿಟ್ಟರುಗಳಿಗೆ ಪಾಠ ಹೇಳುವ ಕೋಣೆಯ ಗೋಡೆಯನ್ನೂ ಏರಿತು.

ಹದಿನಾರು ವರ್ಷ ಉರುಳಿದವು. ಊರಿನಲ್ಲಿ ಗ್ಯಾಸಿನ ಒಂದೂ ಅನಾಹುತವಾಗಲಿಲ್ಲ. ಸೋರಿಕೆಯ ದೂರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದವು. ಶಿವಲೀಲಾ ಮಾತ್ರ ಸಾಬೂನಿನ ನೀರಿನ ಬಾಟಲಿಯನ್ನು ಚೀಲದಿಂದ ತೆಗೆಯಲಿಲ್ಲ. ಜಾಯಿಂಟಿಗೆ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುವ ಅವಳ ಹಳೆಯ ಚಟ ಕಂಡು ಜೊತೆಯವರು, "ಅಕ್ಕಾರ ಪೈಪಿಗೆ ಜಳಕಾ ಮಾಡಸಾಕತ್ತಾರ" ಎಂದು ಕಾಲೆಳೆಯುತ್ತಿದ್ದರು.

ಖಂಡೇ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಅವಳು ಮಗಳು ಸಿಂಚನಾಳ ಮನೆಗೆ ಹೋದಾಗ ಹನ್ನೊಂದೂ ಮುಕ್ಕಾಲು. ಮಿಕ್ಸರಿಗೆ, ಸ್ಕೂಟರಿಗೆ ಆಗಲೇ ಹೂ ಮುಡಿಸಿದ್ದರು. ಹಿಂದಿನ ಚಿಕ್ಕ ಕೋಣೆಯಲ್ಲಿದ್ದ ಜನರೇಟರಿಗೆ ಆರತಿ ಮಾಡುವುದೊಂದು ಬಾಕಿ. ಹಬ್ಬದ ಅಲಂಕಾರಕ್ಕೆಂದು ಆ ಕೋಣೆಯ ಕಿಟಕಿಗೆ ಪರದೆ ಬೇರೆ ಬಿಟ್ಟಿದ್ದರು. ಏಳು ವರ್ಷದ ಮೊಮ್ಮಗಳು ಮೈತ್ರಾ ಕರ್ಪೂರದ ತಟ್ಟೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

"ಆಯಿ, ಲಗೂನ ಬಾ. ನೀ ಬಂದ ಮ್ಯಾಲೆ ಹಚ್ಚೂದಂತ ಅವ್ವ ಹೇಳ್ಯಾಳ."

ಶಿವಲೀಲಾ ಒಳಗೆ ಬಗ್ಗಿ ನೋಡಿದಳು. ಜಾಯಿಂಟಿನ ಮೇಲೆ ಇಂದಿನ ಹಸಿ ವಿಭೂತಿ, ಅದರ ಕೆಳಗೆ ಹೋದ ವರ್ಷದ್ದು, ಅದರ ಕೆಳಗೆ ಅದರ ಹಿಂದಿನದು. ಹಚ್ಚಿದ ವಿಭೂತಿಯನ್ನು ಒರೆಸಬಾರದೆಂದು ಯಾರೂ ಮುಟ್ಟಿರಲಿಲ್ಲ. ಗೋಡೆಗೆ ಸುಣ್ಣ ಬಳಿದಂತೆ ಪದರದ ಮೇಲೆ ಪದರ ಕಟ್ಟಿತ್ತು. ಅದರ ಹಿಂದಿನಿಂದ ಹಸಿರು ಬೆಳಕು ಮಂಕಾಗಿ ಕಾಣುತ್ತಿತ್ತು.

ಸುಮ್ಮನೆ ಚಟಕ್ಕೆಂದು ಅವಳು ಬಾಟಲಿ ತೆಗೆದು ಜಾಯಿಂಟಿಗೆ ನೊರೆ ಹಚ್ಚಿದಳು. ಒಂದು ಗುಳ್ಳೆ ಎದ್ದಿತು. ಅದು ದೊಡ್ಡದಾಗಿ ಒಡೆಯಿತು. ಅದರ ಜಾಗದಲ್ಲಿ ಇನ್ನೊಂದು ಬಂತು, ಮತ್ತೊಂದು ಬಂತು. ಮಣಿ ಮಾತ್ರ ಹಸಿರಾಗಿಯೇ ಇತ್ತು.

ಎಷ್ಟು ಹೊತ್ತಿನಿಂದ ಸೋರುತ್ತಿದೆಯೋ! ಉಸಿರೆಳೆದು ನೋಡಿದಳು: ಹೂವಿನ ವಾಸನೆ, ಹೋಳಿಗೆಯ ವಾಸನೆ. ಅಷ್ಟೇ. ಸಾವು ಪಕ್ಕದಲ್ಲೇ ನಿಂತಿದ್ದರೂ ಅವಳ ಮೂಗಿಗೆ ಅದರ ಸುಳಿವಿರಲಿಲ್ಲ.

ಹಿಂದೆ ಕಡ್ಡಿಪೆಟ್ಟಿಗೆ ಗಲಗಲ ಎಂದಿತು.

"ಸಿಂಚನಾ, ಕಡ್ಡಿ ಕೊರಿಬ್ಯಾಡ! ಪೆಟಗಿ ಕೊಡ ಇಲ್ಲೆ. ಯಾವ ಸ್ವಿಚ್ಚೂ ಮುಟ್ಟಬ್ಯಾಡ. ಕೂಸಿನ್ನ ಕರಕೊಂಡು ರಸ್ತೇಕ ಓಡು!"

"ಯಾಕವ್ವ, ಏನಾತು? ದೀಪ ಹಸರ ಐತಲ್ಲ!"

"ಓಡಂದ್ರ ಓಡ!"

ತಾಯಿಯ ಬಾಯಲ್ಲಿ ಆ ದನಿಯನ್ನು ಸಿಂಚನಾ ಎಂದೂ ಕೇಳಿರಲಿಲ್ಲ. ಮಗುವನ್ನು ಎತ್ತಿಕೊಂಡು ಹೊರಬಿದ್ದಳು. ಶಿವಲೀಲಾ ಪರದೆ ಕಿತ್ತೆಸೆದು ಕಿಟಕಿ ತೆರೆದಳು, ಬಾಗಿಲುಗಳನ್ನೆಲ್ಲ ತೆರೆದಳು, ಬೀದಿಯ ವಾಲ್ವಿನ ಕಡೆಗೆ ಓಡಿದಳು. ತಿರುಗಿಸಲು ಅದಕ್ಕೆ ಹಿಡಿಕೆಯೇ ಇರಲಿಲ್ಲ. ಮನುಷ್ಯರು ಕೈಯಾಡಿಸಿ ಕೆಡಿಸಬಾರದೆಂದು ಶಿರೂರರೇ ಅದನ್ನು ತೆಗೆಸಿದ್ದರು. ಕೈಗಡಿಯಾರದಲ್ಲಿ ಹನ್ನೆರಡಕ್ಕೆ ಏಳು ನಿಮಿಷ. ದಿನಾ ಹನ್ನೆರಡಕ್ಕೆ ಸರಿಯಾಗಿ ಊರಿನ ಕರೆಂಟ್ ಹೋಗುತ್ತದೆ. ಹೋದ ಗಳಿಗೆಯಲ್ಲೇ ಜನರೇಟರಿನ ಸ್ವಿಚ್ಚು ತಾನಾಗಿ ಬೀಳುತ್ತದೆ. ಬೀಳುವಾಗ ಒಂದು ಕಿಡಿ ಹಾರುತ್ತದೆ. ಆ ಸ್ವಿಚ್ಚು ಇರುವುದು ಅದೇ ಕೋಣೆಯಲ್ಲಿ.

ಅವಳು ರಸ್ತೆಯಿಂದಲೇ ಶಿರೂರರಿಗೆ ಫೋನು ಹಚ್ಚಿದಳು.

"ಸರ್, ನನ್ನ ಮಗಳ ಮನ್ಯಾಗ ಗ್ಯಾಸ್ ಸೋರಾಕತ್ತೇತಿ. ಮಣಿ ಹಸರ ಐತಿ. ಅಲ್ಲಿಂದ ವಾಲ್ವ್ ಮುಚ್ಚರಿ."

"ಹಸಿರಿದ್ರ ಸೋರೂದಿಲ್ಲ ಅಕ್ಕಾರ. ಮತ್ತ, ಮಣಿ ಕೆಂಪಾಗದ ಇಲ್ಲಿಂದ ಮುಚ್ಚಲಿಕ್ಕೂ ಬರೂದಿಲ್ಲ."

"ಗುಳ್ಳಿ ಕಣ್ಣಾರೆ ಕಂಡೀನ್ರಿ! ಮಣಿ ಮ್ಯಾಲೆ ವಿಭೂತಿ ಬಡದಾರ. ಅದರ ಮೂಗು ಮುಚ್ಚೇತಿ."

"ಧೂಳು, ಎಣ್ಣಿ, ಹೊಗಿ, ಎಲ್ಲಾ ಹಾಕಿ ಪರೀಕ್ಷಾ ಮಾಡೀವಿ..."

"ವಿಭೂತಿ ಹಾಕಿ ಮಾಡೀರೇನ್ರಿ?"

ಶಿರೂರರ ದನಿ ಒಮ್ಮೆಲೇ ಮುದುಕನದಾಯಿತು. "ಒರಸ್ರಿ. ಒದ್ದಿ ಅರಿವಿಲೆ ಒರಸ್ರಿ. ಒಣಾದು ಬ್ಯಾಡ, ಒಣಾ ತಿಕ್ಕಿದ್ರ ಕಿಡಿ ಹಾರಬಹುದು."

ಅವಳು ಸೆರಗನ್ನು ನಲ್ಲಿಯ ಕೆಳಗೆ ಒದ್ದೆ ಮಾಡಿಕೊಂಡು ಮತ್ತೆ ಆ ಕೋಣೆಗೆ ಹೊಕ್ಕಳು. ಹೊಕ್ಕಳೆಂದರೆ ಧೈರ್ಯ ಇತ್ತೆಂದಲ್ಲ. ಕಣ್ಣನ್ನು ಮಣಿಯ ಮೇಲಷ್ಟೇ ಇಟ್ಟು ತಿಕ್ಕತೊಡಗಿದಳು. ಒಂದು ಪದರ ಬಂತು, ಇನ್ನೊಂದು ಬಂತು. ಕೆಳಗಿನದು ಗಟ್ಟಿಯಾಗಿ ಅಂಟಿತ್ತು. ಉಗುರಿನಿಂದ ಕೆರೆದಳು. ಆ ಫೋಟೋದ ಮೂಲಕ ಈ ಪದ್ಧತಿಯನ್ನು ಊರಿಗೆ ಕಲಿಸಿದ ಕೈ ತನ್ನದೇ ಎಂಬುದು ಆಗ ನೆನಪಾಗಿ ಅವಳಿಗೆ ಅಳು ಬಂತು. ಅಳುತ್ತಲೇ ಒರೆಸಿದಳು.

ಮಣಿ ಕೆಂಪಾಯಿತು. ಬೀದಿಯಲ್ಲಿ ಟಪ್ಪೆಂದ ಸದ್ದು ಕೇಳಿಸಿತು.

ಅವಳು ರಸ್ತೆಗೆ ಓಡಿ ಮಗಳನ್ನೂ ಮೊಮ್ಮಗಳನ್ನೂ ಅವಚಿಕೊಂಡು ಎದುರು ಮನೆಯ ಕಾಂಪೌಂಡಿನ ಹಿಂದೆ ಕೂತಳು. ಹನ್ನೆರಡಾಯಿತು. ಒಳಗೆ ಸ್ವಿಚ್ಚು ಟಕ್ಕೆಂದು ಬಿತ್ತು. ಮೂವರೂ ಉಸಿರು ಹಿಡಿದರು. ಏನೂ ಆಗಲಿಲ್ಲ. ಕಿಟಕಿಯಿಂದ ಗಾಳಿ ಆಡಿ ಗ್ಯಾಸು ತೆಳುವಾಗಿತ್ತು.

ಆಗ ಅವಳಿಗೆ ಗಂಟೆಗಳ ಸದ್ದು ಕೇಳಿಸಿತು. ಪಕ್ಕದ ಮನೆಯಲ್ಲಿ, ಅದರಾಚೆಯ ಮನೆಯಲ್ಲಿ, ಓಣಿಯುದ್ದಕ್ಕೂ ಆರತಿ. ಪ್ರತಿ ಮನೆಯಲ್ಲೂ ಪೈಪಿನ ಮುಂದೆ ಕರ್ಪೂರ ಉರಿಯುತ್ತಿತ್ತು. ಅವಳು ಇನ್ನೂ ಕತ್ತರಿಸಿರದ ಫೋನಿಗೆ ಹೇಳಿದಳು: "ಸರ್, ಇಡೀ ಊರಾಗ ಇವತ್ತ ವಿಭೂತಿ ಹಚ್ಚ್ಯಾರ್ರಿ."

"ಆ ಫೋಟೋದಾಗ ನಾನೂ ನಗಕೋತ ನಿಂತೀನಿ, ಅಕ್ಕಾರ," ಎಂದರು ಶಿರೂರರು.

ಆ ಮಧ್ಯಾಹ್ನ ಊರಿನ ಎಲ್ಲ ಫೋನುಗಳಲ್ಲೂ ಒಂದೇ ಸಂದೇಶ ಹೋಯಿತು: ದೀಪ ಆರಿಸಿ, ಕಿಟಕಿ ತೆರೆಯಿರಿ, ಮಣಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಜನ ಅಂಜುತ್ತಲೇ ವಿಭೂತಿ ಒರೆಸಿದರು. ಅರವತ್ಮೂರು ಮನೆಗಳಲ್ಲಿ ಮಣಿ ಕೆಂಪಾಯಿತು. ಹದಿನಾರು ವರ್ಷ ಎಲ್ಲರೂ ಹೊಗಳಿದ ದಾಖಲೆಯ ಅರ್ಥ ಈಗ ಬೇರೆಯೇ ಆಯಿತು. ಸೋರಿಕೆ ಕಡಿಮೆಯಾಗಿರಲಿಲ್ಲ, ಹೇಳುವ ಮೂಗುಗಳು ಕಡಿಮೆಯಾಗಿದ್ದವು. ಅರವತ್ಮೂರು ಮನೆಗಳು ಉಳಿದದ್ದು ಬರೀ ಅದೃಷ್ಟದಿಂದ.

ಶಿರೂರರು ಹಟ ಹಿಡಿದು ಗ್ಯಾಸಿಗೆ ಹಳೆಯ ನಾತವನ್ನು ಮತ್ತೆ ಬೆರೆಸಿದರು. ಜನರೇಟರುಗಳ ಆಯುಷ್ಯ ಅರ್ಧಕ್ಕಿಳಿಯಿತು, ಅವರಿಗೆ ಬೈಗುಳವೂ ಬಂತು. ಆದರೆ ಅವರನ್ನು ನಿದ್ದೆಗೆಡಿಸಿದ್ದು ಬೇರೆ ಸುದ್ದಿ. ನಾತ ಬಂದ ವಾರದಲ್ಲೇ ಯಾರದೋ ಮನೆಯಲ್ಲಿ ಗ್ಯಾಸು ಸೋರಿತ್ತು. ಕೆಟ್ಟ ವಾಸನೆ ಹೋಗಲಿ ಎಂದು ಆ ಮನೆಯ ಹುಡುಗಿ ಊದುಬತ್ತಿ ಹಚ್ಚಲು ಹೊರಟಿದ್ದಳಂತೆ. ಆ ವಾಸನೆಯ ಅರ್ಥ ಗೊತ್ತಿದ್ದ ಅಜ್ಜನೊಬ್ಬ ಓಡಿಬಂದು ಅವಳ ಕೈ ಹಿಡಿದಿದ್ದ.

ಈಗ ಶಿವಲೀಲಾ ಶಾಲೆಯಿಂದ ಶಾಲೆಗೆ ಆ ನಾತ ತುಂಬಿದ ಒಂದು ಪುಟ್ಟ ಸೀಸೆ ಹಿಡಿದು ತಿರುಗುತ್ತಾಳೆ. ಮೈತ್ರಾಳ ತರಗತಿಗೂ ಹೋದಳು. ತಾನು ಎಂಟು ವರ್ಷದವಳಿದ್ದಾಗ, ೨೦೧೩ರಲ್ಲಿ, ಬಾಡಿಗೆ ಕೋಣೆಯಲ್ಲಿ ಈ ವಾಸನೆ ಬಂದ ತಕ್ಷಣ ಅವ್ವ ತನ್ನನ್ನು ರಟ್ಟೆ ಹಿಡಿದು ಹೊರಗೆಳೆದಿದ್ದನ್ನು ಮಕ್ಕಳಿಗೆ ಹೇಳಿದಳು. ಆ ಕಾಲದಲ್ಲಿ ಒಲೆಯ ಗುಂಡಿ ತಿರುಗಿಸುವಾಗ ಇದೇ ವಾಸನೆ ಒಂದು ಕ್ಷಣ ಸುಳಿದುಹೋಗುತ್ತಿತ್ತು, ಜನ ಮೂಗು ಮುರಿಯುತ್ತಿದ್ದರು, ಅದನ್ನು ಯಾರೋ ತಮಗಾಗಿ ಇಟ್ಟಿದ್ದಾರೆಂಬುದು ಯಾರಿಗೂ ನೆನಪಿರುತ್ತಿರಲಿಲ್ಲ.

ಸೀಸೆಯ ಮುಚ್ಚಳ ತೆಗೆದಳು. ಮೈತ್ರಾ ಮೂಸಿ ನೋಡಿ ಮುಖ ಕಿವಿಚಿದಳು.

"ಹೊಲಸ ಐತಿ, ಆಯಿ. ಆದ್ರ ಅಂಜಿಕಿ ಏನ್ ಬರವಲ್ದು."

ಶಿವಲೀಲಾ ಸೀಸೆಯನ್ನು ಮತ್ತೆ ಅವಳ ಮೂಗಿನ ಹತ್ತಿರ ಹಿಡಿದಳು.

"ಅದಕ್ಕ ನನಗ ಅಂಜಿಕಿ, ನನ ಕೂಸ," ಎಂದಳು.