ಕೂಡುದಾರಿಯ ಹಸಿರು ಬಳೆ

“ಅವನ್ನ ಮುಟ್ಟಬ್ಯಾಡವ್ವ. ಯಾರೋ ತಮ್ಮ ಕೂಸಿನ ಜಡ್ಡು ಇಳಿಸಿ ಇಟ್ಟಾರ,” ಎಂದಳು ನೆರೆಗುಡಿಸಲಿನ ಅವ್ವಮ್ಮ.

ಯಾದಗಿರಿ ಕಡೆಯಿಂದ ಪಿಂಪ್ರಿ-ಚಿಂಚವಾಡಕ್ಕೆ ಕಟ್ಟಡದ ಕೂಲಿಗೆ ಬಂದ ಶಿವಕಾಂತಾ ಇನ್ನೂ ಗಂಟು ಬಿಚ್ಚಿರಲಿಲ್ಲ. ತಗಡಿನ ಗುಡಿಸಲುಗಳ ಮುಂದೆ, ದಾರಿಗಳು ಕೂಡುವಲ್ಲಿ, ಕುಂಕುಮ ಬಳಿದ ಕಲ್ಲಿನ ಮೇಲೆ ಪುಟ್ಟ ಹಸಿರು ಬಳೆಗಳಿದ್ದವು. ಸುತ್ತ ಕೊಳೆತ ನಿಂಬೆಹಣ್ಣಿನ ವಾಸನೆ.

“ಗಾಜಿಗೆ ಜಡ್ಡು ಹತ್ತತದೇನು, ಮುದುಕಿ? ನಿನ್ನ ಕೈಗೆ ಹಿಡಿಸಂಗಿಲ್ಲಂತ ಹೊಟ್ಟಿಕಿಚ್ಚು!” ಶಿವಕಾಂತಾ ನಕ್ಕು, ಬಳೆಗಳನ್ನು ಹಿರಿಮಗಳು ದುರ್ಗಾಳ ಕೈಗೆ ಏರಿಸಿದಳು.

ಕಿರಿಯವಳು ನಿಂಗೂ ಅತ್ತಳು. “ನನಗ?”

“ಅಕ್ಕಗ ಸಣ್ಣಾದಮ್ಯಾಲೆ ನಿನಗವ್ವ.”

ದುರ್ಗಾಳಿಗೆ ಗಂಟಲು ನೋವು ಬಂದು ಹೋಯಿತು. ಆಮೇಲೆ ಜ್ವರ. ನೋವು ಮೊಣಕಾಲಿನಿಂದ ಮೊಣಕೈಗೆ, ಅಲ್ಲಿಂದ ಮಣಿಕಟ್ಟಿಗೆ, ಮನೆ ಹುಡುಕುವವರ ಹಾಗೆ ಅಲೆಯಿತು. ಒಂದು ಸಂಜೆ ಬಿಸಿನೀರು ಹೊಯ್ದಾಗ ಹೊಟ್ಟೆಯ ಮೇಲೆ ಉಂಗುರಗಳೆದ್ದವು. ಅಂಚು ಕೆಂಪು, ನಡುವೆ ಬಿಳುಪು. ತುರಿಕೆಯಿಲ್ಲ, ಉರಿಯಿಲ್ಲ. ಬಳೆಯದೇ ಅಚ್ಚು. ನೋಡುತ್ತಿದ್ದಂತೆ ಒಂದು ಮಾಸಿ, ಪಕ್ಕದಲ್ಲಿ ಇನ್ನೊಂದು ಎದ್ದಿತು.

ಗಂಟಲಿನ ಜ್ವರ ಹೃದಯಕ್ಕೆ ಇಳಿದಿದೆ, ಸೂಜಿ ತಪ್ಪಿಸಬೇಡಿ ಎಂದರು ಡಾಕ್ಟರು. ಸೂಜಿ ಹಾಕಿಸಿದರು. ಆದರೂ ಮಗಳ ಎದೆಗೆ ಕಿವಿಯಿಟ್ಟರೆ ಶಿವಕಾಂತಾಳಿಗೆ ಬಳೆಗೆ ಬಳೆ ತಿಕ್ಕುವ ಸದ್ದೇ ಕೇಳುತ್ತಿತ್ತು.

ಅವಳು ಅವ್ವಮ್ಮನ ಕಾಲು ಹಿಡಿದಳು. “ಹ್ಯಾಂಗ ಬಿಡ್ತದ, ಆಯಿ?”

“ತಂದಲ್ಲೇ ಇಡು. ಬ್ಯಾರೆ ಕೂಸು ತೊಟ್ರ ಬಿಡ್ತದ.”

“ಆ ಕೂಸಿಗೆ?”

ಅವ್ವಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬಾತ ಕೈಗೆ ಸಾಬೂನು ಹಚ್ಚಿ, ಮಗಳು ಚೀರಿದರೂ ಬಿಡದೆ, ಶಿವಕಾಂತಾ ಬಳೆಗಳನ್ನು ಕಳಚಿದಳು. ಕಲ್ಲಿನ ಮೇಲೆ ಇಡುವಾಗ ದೇವರ ಹೆಸರು ನಾಲಗೆಗೆ ಬರಲಿಲ್ಲ.

ಮರುದಿನ ಕೆಲಸದಿಂದ ಬರುವಾಗ ಕಲ್ಲು ಬರಿದಾಗಿತ್ತು. ಓಡಿದಳು. ದುರ್ಗಾಳ ಅಂಗಿ ಎತ್ತಿದಳು. ಒಂದೂ ಉಂಗುರವಿಲ್ಲ. ಎದೆಗೆ ಕಿವಿಯಿಟ್ಟಳು. ಬಳೆಯ ಸದ್ದಿಲ್ಲ. ಬಳೆ ಒಯ್ದ ಕೂಸಿನ ಕಾಣದ ತಾಯಿಯನ್ನು ನೆನೆದು ಅತ್ತಳು. ಅಳುತ್ತಲೇ ಮಗಳನ್ನು ಮುದ್ದಿಸಿದಳು.

ಬಾಗಿಲ ಹಿಂದಿನ ಕತ್ತಲಲ್ಲಿ ಸದ್ದಾಯಿತು. ಕಿಣಿ. ಮತ್ತೆ ಕಿಣಿ.

“ಅವ್ವ, ಅಕ್ಕನ ಬಳೆ ಕಲ್ಲಿನ ಮ್ಯಾಲೇ ಬಿಟ್ಟು ಬಂದಿದ್ದಿ. ನಾ ತಂದೆ.” ನಿಂಗೂ ಪುಟ್ಟ ಕೈ ಮುಂದೆ ಚಾಚಿದಳು. “ಅಕ್ಕಗ ಸಣ್ಣಾಗ್ಯಾವಲ್ಲ. ನನಗ ಬರೋಬ್ಬರಿ ಕುಂತಾವ ನೋಡು.”

ಎಂಜಲು ನುಂಗಿ ಮುಖ ಕಿವುಚಿದಳು. ಕೊರಳ ಮೇಲೆ ಬೆರಳಿಟ್ಟಳು.

“ಅವ್ವ, ಇಲ್ಲಿ ನೋಯಾಕತ್ತದ.”