ಯುದ್ಧ ಎಲ್ಲಿದೆ?

"ಈ ಕವಿ ಯುದ್ಧಕ್ಕೆ ಹೋದವನಲ್ಲ ಬಿಡಿ, ಮೇಡಂ."

ಮಾತು ಬಂದದ್ದು ಸಂಜೆ ತರಗತಿಯ ಕೊನೆಯ ಬೆಂಚಿನಿಂದ. 'ಯುದ್ಧಕಾವ್ಯದಲ್ಲಿ ಸೈನಿಕನ ಅನುಭವ' ಎಂದು ಬೋರ್ಡಿನ ಮೇಲೆ ಬರೆದಿದ್ದ ಲೆಕ್ಚರರ್ ತಿರುಗಿ ನೋಡಿದಳು.

"ಹೇಗೆ ಹೇಳ್ತೀರಿ?"

"ಗುಂಡು ಹಾರುವಾಗ ರಕ್ತ ಕುದೀತು ಅಂತಾನಲ್ಲ, ಕುದಿಯಲ್ಲ. ಬಾಯಿ ಒಣಗುತ್ತೆ. ನನಗಂತೂ ಮೂತ್ರಕ್ಕೆ ಅವಸರ ಆಗಿತ್ತು."

ತರಗತಿ ಗೊಳ್ಳೆಂದಿತು. ಅವನು ನಗಲಿಲ್ಲ. ಸೇನೆ ಬಿಟ್ಟು ಬಂದು ಕಾಲೇಜು ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವನು. ಪರೀಕ್ಷೆಗೆ ಹೆಸರು ಕೊಟ್ಟಿರಲಿಲ್ಲ, ಪಾಠ ಕೇಳಲು ಬಂದು ಕೂರುತ್ತಿದ್ದ.

ತಲೆಹರಟೆ... ಅಂದುಕೊಂಡಳು. ಆದರೆ ಬಸ್ಸಿನಲ್ಲಿ ಅವಳ ಮನಸ್ಸಿನಲ್ಲಿ ಉಳಿದದ್ದು ಕವಿತೆಯಲ್ಲ, ಆ ಒಣಗಿದ ಬಾಯಿ.

ಆಮೇಲೆ ಪ್ರತಿ ವಾರ ಇಬ್ಬರೂ ಬಸ್ ಸ್ಟಾಪಿನವರೆಗೆ ಜಗಳವಾಡುತ್ತ ನಡೆದರು. ಒಂದೆರಡು ಬಸ್ಸುಗಳನ್ನು ಅವಳು ಬೇಕೆಂದೇ ಬಿಟ್ಟಳು.

"ಊಟ ಮುಗಿಯೋದ್ರೊಳಗೆ ಆ ರಟ್ಟಿನವನ ಮಾತು ಆರು ಸಲ ಬಂತು ಕಣೇ," ಅಂದಳು ಅಕ್ಕ.

"ಪಾಠದ ವಿಷಯ ಅಕ್ಕ, ಅಷ್ಟೇ."

"ಹೌದೌದು. ಪಾಠ ಹೇಳುವಾಗ ಕಿವಿ ಕೆಂಪಾಗುತ್ತೆ."

ಒಂದು ಸಂಜೆ ಅವನು ತಾನು ಬರೆದ ನಾಲ್ಕು ಹಾಳೆ ಕೊಟ್ಟ. "ಓದಿ," ಅಂದ, ಅಷ್ಟೆ.

ಅವಳು ಅದನ್ನು ಇಪ್ಪತ್ತೆಂಟು ಉತ್ತರಪತ್ರಿಕೆಗಳ ಮಧ್ಯೆ, ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಓದಿದಳು. ಶೆಲ್ ಬೀಳುತ್ತದೆ, ಒಬ್ಬ ಸೈನಿಕ ಪಕ್ಕದವನ ಬೂಟಿನ ಲೇಸು ಬಿಚ್ಚುತ್ತಾನೆ, ಕಟ್ಟುತ್ತಾನೆ. ಮತ್ತೆ ಬಿಚ್ಚುತ್ತಾನೆ. ನಾಲ್ಕು ಹಾಳೆಯ ತುಂಬ ಇದೇ. ಅಂಚಿನಲ್ಲಿ ಬರೆದಳು: 'ಲೇಸಿನ ವಿವರ ಅತಿಯಾಯಿತು. ಯುದ್ಧ ಎಲ್ಲಿದೆ?' ಕೆಳಗೆ ಹತ್ತಕ್ಕೆ ಆರು.

ವಾಪಸ್ ಕೊಟ್ಟಾಗ ಅವನು ನೋಡಿದ. "ಪಾಸು," ಅಂದು ಹಾಳೆ ಮಡಚಿಕೊಂಡು ಹೋದ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ.

"ಅಂಕ ಕಮ್ಮಿ ಬಂತು ಅಂತ ಮುನಿಸು," ಅಂದಳು ಅಕ್ಕನಿಗೆ. "ಎಂಟು ಕೊಟ್ಟಿದ್ರೆ ಬರ್ತಿದ್ದ."

"ಅವನು ಪರೀಕ್ಷೆಗೇ ಕೂತಿಲ್ಲ ಅಂತ ನೀನೇ ಅಂದಿದ್ದೆ. ಮತ್ತೆ ಅದು ಉತ್ತರ ಹೇಗಾಗುತ್ತೆ?" ಅಕ್ಕ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ನಿನಗೆ ಕಾಗದ ಬರೆದಿದ್ದಾನೆ, ಪೆದ್ದಿ. ಕಾಗದಕ್ಕೆ ಯಾರಾದ್ರೂ ಮಾರ್ಕ್ಸ್ ಹಾಕ್ತಾರೇನೇ?"

ಅವಳು ಆ ಹಾಳೆಗಳನ್ನು ಮತ್ತೆ ನೆನಪಿಸಿಕೊಂಡಳು. ಪಕ್ಕದವನ ಲೇಸು... ಆ ಪಕ್ಕದವನು ನಾಲ್ಕು ಹಾಳೆಯಲ್ಲಿ ಒಮ್ಮೆಯೂ ಕಾಲು ಅಲುಗಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ರಟ್ಟು ಕಟ್ಟುವ ಕೋಣೆಗೆ ಹೋದಳು. ಅವನು ಒಂದು ನಿಘಂಟಿನ ಬೆನ್ನಿಗೆ ಅಂಟು ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ನಾನು ಅದನ್ನ ಓದಲಿಲ್ಲ," ಅಂದಳು. "ತಿದ್ದಿದೆ. ತಪ್ಪಾಯ್ತು."

ಬ್ರಷ್ಷು ನಿಂತಿತು.

"ನಿಮ್ಮ ಪಕ್ಕದಲ್ಲಿದ್ದವರಿಗೆ ಎಷ್ಟು ವಯಸ್ಸಾಗಿತ್ತು?"

"ಇಪ್ಪತ್ತೆರಡು. ಕೆಟ್ಟದಾಗಿ ಹಾಡ್ತಿದ್ದ. ಬಾಯಿ ಮುಚ್ಚೋ ಅಂತಿದ್ವಿ." ಅವನು ಬ್ರಷ್ಷನ್ನು ಕೆಳಗಿಟ್ಟ. "ಅವನ ದೇಹ ತಗೊಂಡು ಹೋಗೋಕೆ ಬರೋವರೆಗೂ ಮಾಡೋಕೆ ಬೇರೇನೂ ಇರಲಿಲ್ಲ. ನನಗೆ ನೆನಪಿರೋ ಯುದ್ಧ ಅಷ್ಟೇ."

ಅವಳು ಸ್ಟೂಲ್ ಎಳೆದು ಎದುರಿಗೆ ಕೂತಳು. ಯಾವ ಪ್ರಶ್ನೆಯೂ ಸರಿ ಅನ್ನಿಸಲಿಲ್ಲ. ಒಂದೇ ಉಳಿದಿತ್ತು.

"ನನಗೇ ಯಾಕೆ ಬರೆದ್ರಿ?"

"ನಿದ್ದೇಲೂ ನನ್ನ ಕೈ ಗಂಟು ಹಾಕುತ್ತೆ. ಅಮ್ಮನಿಗೂ ಯಾಕೆ ಅಂತ ಗೊತ್ತಿಲ್ಲ. ಮದುವೆ ಆಗ್ತೀರಾ ಅಂತ ಕೇಳೋಕೆ ಮುಂಚೆ ನಿಮಗೆ ತಿಳಿದಿರಲಿ ಅಂತ..."

ಅವಳಿಗೆ ಅಳು ಬಂತು. ತಡೆಯಲಿಲ್ಲ.

"ಸರಿಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ," ಅಂದ.

"ನಾನು ಕೇಳ್ತಾನೂ ಇಲ್ಲ. ಆದ್ರೆ ನೀವು ಕೇಳಬೇಕಾದ್ದನ್ನ ಇನ್ನೂ ಕೇಳಿಲ್ಲ."

ಅವನು ಎರಡೂ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕೇಳಿದ.

"ಹೂಂ," ಅಂದಳು. "ಇವತ್ತೇ ಅಮ್ಮನಿಗೆ ಹೇಳಿ. ಮೊದಲು ಆ ಹುಡುಗನ ವಿಷಯ, ಆಮೇಲೆ ನನ್ನದು."

"ನೀವೂ ಬರ್ತೀರಾ?"

"ನಡೀರಿ."