ಇಬ್ಬರು ಕರ್ಕೇರರು

ವ್ಯಾಲೆಂಟೈನ್ ಸರ್ ಏಪ್ರಿಲ್ ತಿಂಗಳ ಸೆಕೆಯಲ್ಲೂ ಟೈ ಕಟ್ಟಿಕೊಂಡು ಪಾಠಕ್ಕೆ ಬರುತ್ತಿದ್ದರು. ಅವರ ಬಗ್ಗೆ ಇಷ್ಟು ಹೇಳಿದರೆ ಸಾಕು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅದು ೧೯೮೮. ಬ್ಯಾಂಕು, ಆಸ್ಪತ್ರೆಗಳಿಗೆಲ್ಲ ಕಂಪ್ಯೂಟರಿನ ಹುಚ್ಚು ಹಿಡಿಯುತ್ತಿದ್ದ ಕಾಲ. ಅದರೊಳಗೆ ತುಂಬುವ ಮಾಹಿತಿಯನ್ನು ಕಾಯುವವರನ್ನು ತಯಾರು ಮಾಡುತ್ತೇವೆಂದು ಮಣಿಪಾಲದ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ತರಬೇತಿ ಕೇಂದ್ರವೊಂದು ಶುರುವಾಗಿತ್ತು. ಕಲಿಸುವ ವಿಷಯ ರಿಲೇಶನಲ್ ಡೇಟಾಬೇಸ್, ಅಂದರೆ ಮಾಹಿತಿಯನ್ನು ಟೇಬಲ್ ಎಂಬ ಪಟ್ಟಿಗಳಲ್ಲಿ ಜೋಡಿಸಿ ಒಂದಕ್ಕೊಂದು ಕೊಂಡಿ ಹಾಕುವುದು. ಕಲಿತವರಿಗೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಎಂಬ ಉದ್ದದ ಬಿರುದು. ಏಸಿ ರೂಮಿಗೆ ದೇವಸ್ಥಾನದ ಹಾಗೆ ಚಪ್ಪಲಿ ಕಳಚಿಟ್ಟು ಹೋಗಬೇಕು. ಒಳಗಿದ್ದದ್ದು ಮೂರು ಟರ್ಮಿನಲ್, ಅದರಲ್ಲೂ ಒಂದು ಕೆಟ್ಟದ್ದು.

ಮೊದಲ ದಿನ ಸರ್ ಹಾಜರಿ ಕರೆದರು. ಗುಣವತಿ ಕರ್ಕೇರ ಅಂದಾಗ ನಾನು ಎದ್ದೆ. ಶೇಖರ ಕರ್ಕೇರ ಅಂದಾಗ ಹಿಂದಿನ ಬೆಂಚಿನಿಂದ ಒಬ್ಬ ಉದ್ದನೆಯ ಹುಡುಗ ಎದ್ದು ನಿಂತು ನನ್ನ ಕಡೆ ನೋಡಿ ನಕ್ಕ. ಒಂದೇ ಕೆನ್ನೆಗೆ ಗುಳಿ ಬೀಳುವ ನಗು. ಅದು ಚೆನ್ನಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು.

ಕರ್ಕೇರ, ಸಾಲ್ಯಾನ್, ಬಂಗೇರ ಇವೆಲ್ಲ ತುಳುನಾಡಿನ ನಮ್ಮವರಲ್ಲಿ ಕುಲದ ಹೆಸರುಗಳು. ನಾವು ಬಳಿ ಅನ್ನುತ್ತೇವೆ. ಒಂದೇ ಬಳಿಯವರು ಎಷ್ಟೇ ದೂರದವರಾದರೂ ಅಣ್ಣ ತಂಗಿಯರು. ಅವರೊಳಗೆ ಮದುವೆ ಇಲ್ಲ, ಅಂಥ ಯೋಚನೆಯೂ ಇಲ್ಲ. ಚಹಾದ ಹೊತ್ತಿಗೆ ಅವನು ಹತ್ತಿರ ಬಂದು, ತನ್ನ ಅಪ್ಪನ ಊರು ಕಾರ್ಕಳ, ತಾನು ಬೆಳೆದದ್ದು ಬೊಂಬಾಯಿ, ಇಲ್ಲಿ ಹಾಸ್ಟೆಲಿನಲ್ಲಿದ್ದೇನೆ ಎಂದೆಲ್ಲ ಹೇಳತೊಡಗಿದ. ನಾನು ಅಲ್ಲೇ ತಡೆದೆ.

"ನಾನು ಕಾಪುವಿನ ಕರ್ಕೇರ. ನಮ್ಮದು ಒಂದೇ ಬಳಿ. ನೀವು ನನಗೆ ಅಣ್ಣನ ಲೆಕ್ಕ."

"ಓ," ಅಂದ ಅವನು. ಕೆನ್ನೆಯ ಗುಳಿ ಮುಚ್ಚಿಹೋಯಿತು.

ಒಂದೇ ಹೆಸರಿನವರೆಂದು ಸರ್ ನಮ್ಮಿಬ್ಬರನ್ನೂ ಒಂದೇ ಟರ್ಮಿನಲ್ಲಿನ ಮುಂದೆ ಕೂರಿಸಿದರು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ಯೋಚಿಸಿ ಕೊಡಲಾರರು. ದಿನವೂ ಆ ಮೊಣಕೈ ನನ್ನ ಮೊಣಕೈಯ ಪಕ್ಕ. ಪ್ರೀತಿಸುವ ಹಾಗಿಲ್ಲವಲ್ಲ, ಅದಕ್ಕೆ ನಾನು ಅವನನ್ನು ತಾತ್ಸಾರ ಮಾಡಲು ಕುಳಿತೆ. ಎರಡೇ ಬೆರಳಿನ ಟೈಪಿಂಗ್. ಅರ್ಧ ಹಿಂದಿ ಬೆರೆತ ತುಳು. ಮೀನಿನ ಹೆಸರು ಕೇಳಿದರೆ ಬಂಗುಡೆಯ ಆಚೆಗೆ ಗೊತ್ತಿಲ್ಲ. ಒಂದು ಟೇಬಲಿಗೂ ಇನ್ನೊಂದಕ್ಕೂ ಕೊಂಡಿ ಹಾಕುವಾಗ ಮಾತ್ರ ಅವನ ಮುಖ ಮಗುವಿನ ಹಾಗೆ ಗಂಭೀರವಾಗುತ್ತಿತ್ತು. ಆಗ ನಾನು ಗೋಡೆ ನೋಡುತ್ತಿದ್ದೆ.

"ತಂಗೀ, ಸಾಲಿನ ಕೊನೆಯ ಸೆಮಿಕೋಲನ್ ಮರೆತಿರಿ," ಎಂದು ಅವನು ಬಗ್ಗಿ ನನ್ನ ಕಡೆಯ ಕೀಲಿಯನ್ನು ಒತ್ತುತ್ತಿದ್ದ. ತಂಗಿ ಎಂಬ ಮಾತು ಕೇಳಿ ಮೈ ಉರಿಯುತ್ತಿತ್ತು. ಆದರೂ ಆ ಸೆಮಿಕೋಲನ್ನನ್ನು ನಾನು ಬೇಕೆಂದೇ ಬಿಡುತ್ತಿದ್ದೆ.

ಕೋರ್ಸು ಮುಗಿಯುತ್ತ ಬಂದಾಗ ಅವನಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು. ಶನಿವಾರದ ಬಸ್ಸಿಗೆ ಟಿಕೆಟ್ ತಂದಿದ್ದೇನೆ ಎಂದ. ಹೋದರೆ ಇವನಿಗೆ ಮತ್ತೆ ಈ ಕಡೆ ಬರುವ ಕಾರಣವೇ ಇಲ್ಲ ಎಂದು ನನಗೆ ಗೊತ್ತಿತ್ತು. ಒಳ್ಳೆಯದಾಯಿತು ಅಂದೆ. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಅತ್ತೆ.

ಗುರುವಾರ ಕೊನೆಯ ಪರೀಕ್ಷೆ. ಕರಾವಳಿಯ ಮೀನುಗಾರರ ಸಂಘವೊಂದಕ್ಕೆ ಸದಸ್ಯರ ಕುಟುಂಬಗಳ ಡೇಟಾಬೇಸ್ ಮಾಡಬೇಕು. ಒಂದೇ ಸಂಗತಿಯನ್ನು ಎರಡು ಕಡೆ ಬರೆಯಬಾರದು ಎಂಬುದು ಸರ್ ಹೇಳಿಕೊಟ್ಟ ದೊಡ್ಡ ಮಂತ್ರ. ಅದನ್ನು ಶೇಖರ ಚಾಚೂ ತಪ್ಪದೆ ಪಾಲಿಸಿದ್ದ. ಮಕ್ಕಳ ಸಾಲಿನಲ್ಲಿ ಸರ್‌ನೇಮ್ ಬರೆಯುವುದೇ ಬೇಡ; ಅಪ್ಪನ ಸಾಲಿನಿಂದ ಪ್ರೋಗ್ರಾಮೇ ಎತ್ತಿಕೊಳ್ಳುತ್ತದೆ. ಸರ್ ಟೈ ಸರಿಪಡಿಸಿಕೊಂಡು ಎಕ್ಸಲೆಂಟ್ ಅಂದರು.

ಪರೀಕ್ಷಿಸಿ ನೋಡಲು ನಾನು ನಮ್ಮ ಮನೆಯವರನ್ನೇ ತುಂಬಿದೆ. ಅಪ್ಪ ಶೀನ ಸಾಲ್ಯಾನ್, ಅಮ್ಮ ಪುಷ್ಪಾವತಿ ಕರ್ಕೇರ, ಮಗಳು ಗುಣವತಿ. ಪ್ರಿಂಟರ್ ಕಿರ್ರೆಂದು ಕೂಗಿ ಕಾಗದ ಕೊಟ್ಟಿತು. ಅದರಲ್ಲಿ ನಾನು ಗುಣವತಿ ಸಾಲ್ಯಾನ್.

ನೀನೇ ಏನೋ ತಪ್ಪು ತುಂಬಿದ್ದೀ ಅಂದರು ಸರ್. ನನಗೆ ನಗು ಬಂತು. ಇಷ್ಟು ದಿನ ತಡೆದುಕೊಂಡದ್ದೆಲ್ಲ ಶೇಖರನ ಮೇಲೆ ಹೊರಟಿತು.

"ಸಾಲ್ಯಾನ್ ನನ್ನ ಅಪ್ಪ, ನಾನಲ್ಲ. ನಮ್ಮಲ್ಲಿ ಬಳಿ ಬರುವುದು ಅಮ್ಮನಿಂದ. ಅಷ್ಟೂ ಗೊತ್ತಿಲ್ಲದೆ ಎಂತ ಡಿಸೈನ್ ಮಾಡ್ತೀರಿ ಮಾರಾಯ್ರೆ?"

"ಅಮ್ಮನಿಂದಲಾ?" ಅವನು ಕಣ್ಣು ಪಿಳುಕಿಸಿದ. "ನನ್ನದು ಅಪ್ಪನದ್ದಲ್ವಾ? ಬೊಂಬಾಯಿ ಶಾಲೆಯಲ್ಲಿ ಅಪ್ಪನ ಸರ್‌ನೇಮೇ ಬರೆಸಿದ್ದು."

ನಾನು ಕಾಗದವನ್ನು ಮೇಜಿನ ಮೇಲಿಟ್ಟು ಅವನ ಕಡೆ ತಿರುಗಿದೆ.

"ನಿಮ್ಮ ಅಮ್ಮ ಯಾವ ಬಳಿ?"

"ಬಂಗೇರ. ಯಾಕೆ?"

ಯಾಕೆ ಅಂತೆ. ತಾನು ಯಾರೆಂದೇ ಗೊತ್ತಿಲ್ಲದ ಈ ಮನುಷ್ಯನಿಗಾಗಿ ನಾನು ಎರಡು ತಿಂಗಳು ಉಸಿರು ಬಿಗಿಹಿಡಿದು ಕುಳಿತಿದ್ದೆ. ಅವನ ತೋಳು ಹಿಡಿದು ಎಬ್ಬಿಸಿದೆ. ಎಲ್ಲಿಗೆ ಎಂದು ಸರ್ ಕೇಳಿದರು. ಡಿಸೈನ್ ಬದಲಿಸಬೇಕು ಎಂದು ಹೇಳಿ ಅವನನ್ನು ವರಾಂಡಕ್ಕೆ ಎಳೆದುಕೊಂಡು ಹೋದೆ.

"ನೀವು ಕರ್ಕೇರ ಅಲ್ಲ," ಅಂದೆ. "ಬಂಗೇರ."

ಅವನು ಅದನ್ನು ನಿಧಾನವಾಗಿ ಅರಗಿಸಿಕೊಂಡ. "ಹಾಗಾದರೆ ನಾವು ಅಣ್ಣ ತಂಗಿ ಅಲ್ಲ."

"ಅಲ್ಲ."

"ಎಂತದೂ ಅಲ್ವಾ?"

ಅವನ ಸ್ವರ ಅಷ್ಟು ಸಣ್ಣದಾಗಿ ಕೇಳಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅದಕ್ಕೂ ಏನಾದರೂ ಕೊಂಕು ತೆಗೆಯುತ್ತಿದ್ದೆ.

"ನಿಮ್ಮ ಅಪ್ಪ ಕರ್ಕೇರ, ನನ್ನ ಅಮ್ಮನ ಬಳಿ. ಅಮ್ಮನಿಗೆ ಅಣ್ಣನ ಹಾಗೆ, ನನಗೆ ಮಾವ. ನೀವು ಮಾವನ ಮಗ. ಹೆಣ್ಣು ಕೇಳಲು ಬೇರೆಯವರಿಗಿಂತ ಮೊದಲ ಹಕ್ಕು ನಿಮಗೇ ಉಂಟು."

ಗುಳಿ ಮೆಲ್ಲನೆ ಮೂಡಿತು. ಈ ಸಲ ನಾನು ಗೋಡೆ ನೋಡಲಿಲ್ಲ.

"ಹಕ್ಕು ಇರಲಿ," ಅಂದ. "ನಿಮಗೆ ಮನಸ್ಸು ಉಂಟಾ?"

"ನಿಮ್ಮನ್ನು ತಾತ್ಸಾರ ಮಾಡಿ ಮಾಡಿ ನನಗೆ ಸಾಕಾಗಿದೆ," ಅಂದೆ. "ಮೊದಲ ದಿನದಿಂದ ಉಂಟು."

ಅವನು ನನ್ನ ಬೆರಳು ಹಿಡಿದುಕೊಂಡ. ಕೆಳಗೆ ಬಟ್ಟೆ ಅಂಗಡಿಯವರು ಸೀರೆ ಬಿಚ್ಚಿ ತೋರಿಸುವುದು ಕೇಳುತ್ತಿತ್ತು. ಶನಿವಾರದ ಟಿಕೆಟ್ ಇವತ್ತೇ ಕ್ಯಾನ್ಸಲ್ ಮಾಡುತ್ತೇನೆ ಎಂದ. ಇಷ್ಟಾದ ಮೇಲೂ ಇವನಿಗೆ ಬುದ್ಧಿ ಬಂದಿರಲಿಲ್ಲ.

"ಬೇಡ, ಹೋಗಿ," ಅಂದೆ. "ಹೋಗಿ ಅಮ್ಮನನ್ನು ಕರೆದುಕೊಂಡು ಕಾಪುವಿಗೆ ಬನ್ನಿ."

"ಅಪ್ಪನನ್ನು?"

"ಮಾವನೂ ಬರಲಿ. ಆದರೆ ಯಾವ ಬಳಿ ಎಂದು ನನ್ನ ಅಮ್ಮ ಕೇಳಿದರೆ ಉತ್ತರ ಹೇಳುವುದು ನಿಮ್ಮ ಅಮ್ಮ. ನೀವು ಬಾಯಿ ತೆರೆಯಬೇಡಿ."